ಆ ಹಾಡಲ್ಲಿ ನಿಜವಾಗ್ಲೂ ನಾಯಿ ಇದೆಯಾ?

ಹಳೆಯ ಇಂಗ್ಲಿಷ್ ಹಾಡುಗಳ ಮಾತು ಬಂದಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆ ಒಂದೇ. "‘ಹೌಂಡ್ ಡಾಗ್’, ‘ಬ್ಲ್ಯಾಕ್ ಡಾಗ್’ ಅಂತೆಲ್ಲ ಹೆಸರಿಡ್ತಾರಲ್ಲ, ಹಾಡೊಳಗೆ ನಿಜವಾಗ್ಲೂ ನಾಯಿ ಇರುತ್ತಾ?"

ದೊಡ್ಡ ಹೆಸರು ಮಾಡಿದ ಹಾಡುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಜನ ಸುಮ್ನೆ ತಮಾಷೆಗೆ ಅಂತ ಪಕ್ಕಕ್ಕಿಟ್ಟ ಹಾಡುಗಳಲ್ಲಿ ಹುಡುಕಿದರೆ ಸಿಗುತ್ತದೆ.

‘ಹೌಂಡ್ ಡಾಗ್’ ಅನ್ನೇ ನೋಡಿ. 1952ರಲ್ಲಿ ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಇದನ್ನು ರೆಕಾರ್ಡ್ ಮಾಡಿದಾಗ ಇದು ಮನೆ ಬಾಗಿಲಲ್ಲಿ ಸುಳಿದಾಡುವ ದಂಡಪಿಂಡ ಗಂಡಸೊಬ್ಬನನ್ನು ಹೆಂಗಸೊಬ್ಬಳು ಉಗಿದು ಓಡಿಸುವ ಹಾಡು. ಎಂಥ ಗಟ್ಟಿ ದನಿ ಆಕೆಯದು! ಕೊನೆಯಲ್ಲಿ ವಾದ್ಯ ನುಡಿಸುವವರೇ ಬೊಗಳಿ ಊಳಿಡುತ್ತಾರೆ. 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡುವ ಹೊತ್ತಿಗೆ ಸಾಹಿತ್ಯ ಬದಲಾಗಿತ್ತು. ಹೆಂಗಸಿನ ಸಿಟ್ಟು ಹೋಗಿ ಮೊಲ ಹಿಡಿಯಲಾರದ ನಾಯಿ ಬಂದಿತ್ತು. ಟಿವಿಯಲ್ಲಂತೂ ಅವನಿಗೆ ಕೋಟು ತೊಡಿಸಿ, ಬ್ಯಾಸೆಟ್ ಹೌಂಡ್ ನಾಯಿಯೊಂದನ್ನು ಎದುರಿಗೆ ಕೂರಿಸಿ ಹಾಡಿಸಿದರು. ಎಲ್ವಿಸ್ ನನಗೂ ಇಷ್ಟ. ಆದರೆ ಈ ಹಾಡು ಥಾರ್ನ್‌ಟನ್ ಅವರದೇ.

1971ರ ‘ಬ್ಲ್ಯಾಕ್ ಡಾಗ್’ ಹಾಡಲ್ಲಿ ನಾಯಿಯ ಸುದ್ದಿಯೇ ಇಲ್ಲ. ಲೆಡ್ ಜೆಪ್ಲಿನ್ ತಂಡ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ ರೆಕಾರ್ಡಿಂಗ್ ಮಾಡುವಾಗ ಅಲ್ಲೇ ಓಡಾಡಿಕೊಂಡಿದ್ದ ಕಪ್ಪು ಲ್ಯಾಬ್ರಡಾರ್‌ನಿಂದ ಹೆಸರಷ್ಟೇ ಬಂತು. ಪಿಂಕ್ ಫ್ಲಾಯ್ಡ್ 1977ರಲ್ಲಿ ತಂದ ‘ಅನಿಮಲ್ಸ್’ ಆಲ್ಬಮ್‌ನ ನಾಯಿ, ಹಂದಿ, ಕುರಿಗಳೆಲ್ಲ ಮನುಷ್ಯರೇ. ಆದರೆ ಅದೇ ತಂಡದ 1971ರ ‘ಸೀಮಸ್’ ಕೇಳಿ. ಸೀಮಸ್ ಅಂದ್ರೆ ಗಾಯಕ ಸ್ಟೀವ್ ಮ್ಯಾರಿಯಟ್ ಅವರ ನಾಯಿ. ಬ್ಲೂಸ್ ಧಾಟಿಯ ಗಿಟಾರಿನ ಜೊತೆ ಹಾಡಿನುದ್ದಕ್ಕೂ ಊಳಿಡುತ್ತದೆ. ತಂಡದ ಎಷ್ಟೋ ಅಭಿಮಾನಿಗಳಿಗೆ ಈ ಹಾಡು ಕಂಡರಾಗದು. ನನಗೆ ಬಹಳ ಪ್ರೀತಿ, ಯಾಕೆಂದರೆ ಇಲ್ಲಿ ನಾಯಿ ಯಾರ ರೂಪಕವೂ ಅಲ್ಲ.

ಎಲ್ಲಕ್ಕಿಂತ ಜಾಸ್ತಿ ಮೆಚ್ಚಿಕೊಂಡದ್ದು ಡೆನ್ಮಾರ್ಕಿನ ಕಾರ್ಲ್ ವೈಸ್ಮನ್ ಮಾಡಿದ ಕೆಲಸವನ್ನು. ಅವರು ಹಕ್ಕಿಗಳ ದನಿ ರೆಕಾರ್ಡ್ ಮಾಡುತ್ತಿದ್ದವರು. ನಡುವೆ ನಾಯಿಗಳು ಬೊಗಳಿ ಟೇಪು ಕೆಡಿಸುತ್ತಿದ್ದವು. ಆ ಬೊಗಳು ಇರುವ ಚೂರುಗಳನ್ನು ಕತ್ತರಿಸಿ ತೆಗೆಯಬೇಕಿತ್ತು. ಹಾಗೆ ತೆಗೆದ ಚೂರುಗಳೇ ಅವರಿಗೆ ಸ್ವರಗಳಾದವು. ಒಂದೊಂದು ಬೊಗಳಿನ ಶ್ರುತಿ ನೋಡಿ, ಟೇಪಿಗೆ ಟೇಪು ಅಂಟಿಸಿ, ‘ಜಿಂಗಲ್ ಬೆಲ್ಸ್’ ಧಾಟಿ ಹೊರಡಿಸಿದರು. 1955ರಲ್ಲಿ ಅದು ಅಮೆರಿಕದಲ್ಲಿ ‘ಸಿಂಗಿಂಗ್ ಡಾಗ್ಸ್’ ಹೆಸರಲ್ಲಿ ಬಂತು. ಕಂಪ್ಯೂಟರ್ ಇಲ್ಲದ ಕಾಲ. ಒಂದು ಸ್ವರ ತಪ್ಪಿದರೆ ಮತ್ತೆ ಕತ್ತರಿ ಹಿಡಿಯಬೇಕು. ಇಷ್ಟು ತಾಳ್ಮೆ ಬೇಡುವ ಕೆಲಸವನ್ನು ಮಕ್ಕಳಾಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

1958ರ ‘ಚಿಪ್‌ಮಂಕ್ ಸಾಂಗ್’ ಕೂಡ ಟೇಪಿನ ಕೈಚಳಕವೇ. ಚಿಪ್‌ಮಂಕ್ ಅಂದ್ರೆ ನಮ್ಮ ಅಳಿಲಿನಂಥ ಪಟ್ಟೆ ಬೆನ್ನಿನ ಪ್ರಾಣಿ. ರಾಸ್ ಬಗ್ದಸಾರಿಯನ್ ಅರ್ಧ ವೇಗದಲ್ಲಿ ಓಡುವ ಟೇಪಿಗೆ ನಿಧಾನವಾಗಿ ಹಾಡಿ, ಆಮೇಲೆ ಪೂರ್ತಿ ವೇಗದಲ್ಲಿ ಓಡಿಸಿದರು. ದನಿ ಒಂದು ಸ್ಥಾಯಿ ಮೇಲೇರಿ ಚಿಲಿಪಿಲಿ ಆಯಿತು. ಮೊದಲ ಗ್ರ್ಯಾಮಿ ಸಮಾರಂಭದಲ್ಲೇ ಇದಕ್ಕೆ ಪ್ರಶಸ್ತಿಗಳು ಬಂದವು. ಇದರಲ್ಲಿ ಪ್ರಾಣಿ ಇಲ್ಲ ನಿಜ, ಆದರೆ ದನಿಯ ಬಗ್ಗೆ ಯೋಚನೆ ಇದೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ಬೀಟಲ್ಸ್ ತಂಡದ 1967ರ ‘ಗುಡ್ ಮಾರ್ನಿಂಗ್ ಗುಡ್ ಮಾರ್ನಿಂಗ್’ ಹೇಳುತ್ತೇನೆ. ಹುಂಜದ ಕೂಗಿನಿಂದ ಹಾಡು ಶುರುವಾಗುತ್ತದೆ. ಕೊನೆಯಲ್ಲಿ ಒಂದರ ಹಿಂದೊಂದು ಪ್ರಾಣಿಗಳು ಬರುತ್ತವೆ. ಹಿಂದೆ ಬರುವ ಪ್ರಾಣಿ ಮುಂದಿನದನ್ನು ತಿನ್ನುವಂಥದ್ದೋ ಹೆದರಿಸುವಂಥದ್ದೋ ಆಗಿರಬೇಕು ಅನ್ನುವುದು ಜಾನ್ ಲೆನನ್ ಆಸೆ. ಬೆಕ್ಕಿನ ಹಿಂದೆ ನಾಯಿ ಬರುವುದು ಅದಕ್ಕೇ. ಆಲ್ಬಮ್ ನಿಲ್ಲಿಸದೆ ಮುಂದಕ್ಕೆ ಕೇಳಿ, ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು. ಕಡೆಯ ಕೋಳಿಯ ದನಿ ಎಲ್ಲಿ ಮುಗಿಯಿತು, ಮುಂದಿನ ಹಾಡಿನ ಗಿಟಾರ್ ಎಲ್ಲಿ ಶುರುವಾಯಿತು ಅಂತ ನೀವೇ ಪತ್ತೆ ಹಚ್ಚಿ.