ಸಿಂಧನೂರಿಗೆ ಹೋಗಿದ್ದ ಲ್ಯಾಪ್‌ಟಾಪ್

ಗಂಗಾವತಿಯ ರೈಸ್ ಮಿಲ್‌ಗಳಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುತ್ತೇವೆ. ನಾವು ನಾಲ್ಕೇ ಜನ. ಸುಗ್ಗಿ ಜೋರಾಗಿದ್ದಾಗ ಒಂದು ಮಿಲ್ಲಿನ ಗುಮಾಸ್ತರು ಫೋನ್ ಮಾಡಿದರು. "ಸರ್, ಕೆಲವು ಲಾರಿಗೆ ಚೀಲದ ತೂಕ ಕಳಿಯಾಕತ್ತಿಲ್ರಿ. ಸಾವ್ಕಾರ್ರು ಕೇಳಾಕತ್ತಾರ."

ಕೋಡ್ ನೋಡಿದೆ. ಕೆಲವು ಲಾರಿಗಳಿಗೆ ಚೀಲದ ತೂಕ ಕಳೆಯಬೇಡ ಅನ್ನುವ ಒಂದು ಸಾಲು ಇತ್ತು. ಅಳಿಸಲು ಕೈ ಹೋಗಿತ್ತು. ಯಾಕೆ ಬರೆದರೋ ನೋಡೋಣ ಅಂತ ಗಿಟ್ ಬ್ಲೇಮ್ ಹಾಕಿದೆ. ಗಿಟ್ ಅಂದರೆ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಫ್ಟ್‌ವೇರ್; ಯಾವ ಸಾಲನ್ನು ಯಾರು, ಯಾವಾಗ ಬರೆದರು ಅಂತ ಬ್ಲೇಮ್ ತೋರಿಸುತ್ತದೆ. ಎಲ್ಲಾ ಸಾಲಿಗೂ ನನ್ನದೇ ಹೆಸರು, ಒಂದೇ ತಾರೀಕು.

ಆ ತಾರೀಕು ನೆನಪಿತ್ತು. ಎರಡು ತಿಂಗಳ ಹಿಂದೆ, ರೆಪೊ (ಕೋಡ್ ಮತ್ತು ಅದರ ಹಿಸ್ಟರಿ ಇರುವ ಜಾಗ) ಕ್ಲೀನ್ ಆಗಲಿ ಅಂತ ಮೂರು ವರ್ಷದ ಕಮಿಟ್‌ಗಳನ್ನೆಲ್ಲ, ಅಂದರೆ ದಾಖಲಾದ ಬದಲಾವಣೆಗಳನ್ನೆಲ್ಲ, ಒಂದೇ ಮಾಡಿ ಫೋರ್ಸ್ ಪುಶ್ ಮಾಡಿದ್ದೆ. ಅಂದರೆ ಸರ್ವರ್‌ನಲ್ಲಿದ್ದ ಹಿಸ್ಟರಿಯ ಜಾಗದಲ್ಲಿ ಬಲವಂತವಾಗಿ ಹೊಸದನ್ನು ಕೂರಿಸಿದ್ದೆ. ಯಾರನ್ನೂ ಕೇಳಿರಲಿಲ್ಲ.

ಕಿರ್ದಿ ಪುಸ್ತಕದಲ್ಲಿ ಹಿಂದಿನ ಪುಟದ ಶಿಲ್ಕು ಮುಂದಿನ ಪುಟಕ್ಕೆ ಬರುತ್ತದೆ ಅಲ್ವಾ, ಗಿಟ್‌ನಲ್ಲೂ ಹಾಗೇ. ಪ್ರತಿ ಕಮಿಟ್ ಒಳಗೆ ಅದರ ಹಿಂದಿನ ಕಮಿಟ್‌ನ 40 ಅಕ್ಷರದ ಗುರುತು ಇರುತ್ತದೆ. ಹಳೆಯದೊಂದನ್ನು ಮುಟ್ಟಿದರೆ ಆಮೇಲಿನ ಎಲ್ಲಾ ಗುರುತುಗಳೂ ಬದಲಾಗುತ್ತವೆ.

ರಿಫ್ಲಾಗ್, ಅಂದರೆ ಹಿಂದೆ ಯಾವ ಯಾವ ಕಮಿಟ್‌ನಲ್ಲಿದ್ದೆವು ಅನ್ನುವ ದಾಖಲೆ, ಇದ್ದರೆ ಹಳೆಯ ಕಮಿಟ್‌ಗಳನ್ನು ಹುಡುಕಬಹುದಿತ್ತು. ಆದರೆ ಅದು ಆಯಾ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ, ಕ್ಲೋನ್ (ಸರ್ವರ್‌ನಿಂದ ಇಳಿಸಿಕೊಂಡ ರೆಪೊದ ಪ್ರತಿ) ಜೊತೆ ಬರುವುದಿಲ್ಲ. ನಾನು ಹಳೆಯ ಫೋಲ್ಡರ್ ತೆಗೆದುಹಾಕಿ ಹೊಸದಾಗಿ ಕ್ಲೋನ್ ಮಾಡಿಕೊಂಡಿದ್ದೆ. ಸರ್ವರ್‌ನಲ್ಲಿ ಬ್ಯಾಕಪ್ ಇರಲಿಲ್ಲ.

ನಮ್ಮ ಹುಡುಗನೊಬ್ಬ ಸಿಂಧನೂರಿನ ಮಿಲ್ಲಿಗೆ ಇನ್‌ಸ್ಟಾಲ್ ಮಾಡಲು ಹೋಗಿದ್ದ. ಅವನಿಗೆ ಫೋನ್ ಮಾಡಿದೆ. "ಅಣ್ಣಾ, ನಾ ಪುಲ್ ಮಾಡಿ ಮೂರು ತಿಂಗಳಾತು" ಅಂದ. ಪುಲ್ ಅಂದರೆ ಸರ್ವರ್‌ನಿಂದ ಹೊಸದನ್ನು ಇಳಿಸಿಕೊಳ್ಳುವುದು; ಹಾಗಾದರೆ ಅವನ ಲ್ಯಾಪ್‌ಟಾಪಿನಲ್ಲಿ ಹಳೆಯ ಹಿಸ್ಟರಿ ಹಾಗೇ ಇತ್ತು. ನನಗೆ ಹೋದ ಜೀವ ಬಂದಂತಾಯಿತು. "ಪುಲ್ ಮಾಡಬ್ಯಾಡ, ಏನೂ ಮುಟ್ಟಬ್ಯಾಡ" ಅಂದೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆದಾಗಲೇ ಪ್ರತಿ ಕ್ಲೋನ್‌ಗೂ ಪೂರ್ತಿ ಹಿಸ್ಟರಿ ಹೋಗುವಂತೆ ಮಾಡಿದ್ದರು. ಇವನು ಕೊನೆಯ ಕಮಿಟ್ ಮಾತ್ರ ಬರುವಂತೆ ಡೆಪ್ತ್ 1 ಅಂತ ಕೊಟ್ಟು ಕ್ಲೋನ್ ಮಾಡಿರಲಿಲ್ಲ, ಅದು ನಮ್ಮ ಪುಣ್ಯ. ಗಿಟ್ ಬಂಡಲ್ ಮಾಡಿಸಿದೆ. ಎಲ್ಲವೂ ಒಂದೇ ಫೈಲ್ ಆಗಿ, ಪೆನ್‌ಡ್ರೈವ್‌ನಲ್ಲಿ ಸಂಜೆಯ ಬಸ್ಸಿಗೆ ಬಂತು.

ಆ ಸಾಲಿನ ಹಳೆಯ ಕಮಿಟ್ ಮೆಸೇಜ್ ಹೀಗಿತ್ತು: "ಭತ್ತ ಸುರಿದ ಮೇಲೆ ಖಾಲಿ ಚೀಲ ಅದೇ ಲಾರಿಯಲ್ಲಿ ವಾಪಸ್ ಹೋದರೆ, ಖಾಲಿ ಲಾರಿಯ ತೂಕದಲ್ಲೇ ಚೀಲವೂ ಸೇರಿರುತ್ತದೆ. ಮತ್ತೆ ಕಳೆದರೆ ರೈತನಿಗೆ ನಷ್ಟ." ಗುಮಾಸ್ತರಿಗೆ ಓದಿ ಹೇಳಿದೆ. "ಹೌದ್ರಿ, ಆ ಲಾರಿಯವ್ರು ಚೀಲ ವಾಪಸ್ ಒಯ್ತಾರ" ಅಂದರು. ಅಳಿಸಿದ್ದರೆ ಸುಗ್ಗಿ ಪೂರ್ತಿ ರೈತರ ದುಡ್ಡು ಸುಮ್ನೆ ಹೋಗುತ್ತಿತ್ತು.

ಹಳೆಯ ಹಿಸ್ಟರಿಯ ಮೇಲೆ ಹೊಸ ಕಮಿಟ್‌ಗಳನ್ನು ಕೂರಿಸಿದೆವು. ಎಲ್ಲರೂ ಮತ್ತೆ ಕ್ಲೋನ್ ಮಾಡಿಕೊಂಡರು. ನಡುವಿನ ಒಂದು ತಿಂಗಳದ್ದು ಮಾತ್ರ ಸಿಗಲೇ ಇಲ್ಲ.

ಈಗ ಮೇನ್ ಬ್ರಾಂಚಿಗೆ ಫೋರ್ಸ್ ಪುಶ್ ಬಂದ್ ಮಾಡಿದ್ದೇವೆ. ಪ್ರತಿ ಶನಿವಾರ ಒಂದು ಮಿರರ್ ಕ್ಲೋನ್ (ರೆಪೊದ ಪೂರ್ತಿ ನಕಲು) ಹಾರ್ಡ್‌ಡಿಸ್ಕಿಗೆ ಹೋಗುತ್ತದೆ. ಮೊನ್ನೆ "ಫಿಕ್ಸ್" ಅಂತ ಮಾತ್ರ ಬರೆದಿದ್ದ ಒಂದು ಕಮಿಟ್ ಬಂತು. ಯಾಕೆ ಅಂತ ಬರೆದು ಕಳಿಸಪ್ಪಾ ಅಂತ ವಾಪಸ್ ಕಳಿಸಿದೆ.