ಗ್ರಿಪ್ಪಿನೊಳಗೆ ಅಡಗಿದ್ದ ಅರ್ಧ ಇಂಚು

ಕೊನೆಗೂ ಗಾಲ್ಫ್ ಸೆಟ್ಟಿನ 7 ಐರನ್ (ನಡುದೂರಕ್ಕೆ ಹೊಡೆಯುವ ಕ್ಲಬ್ಬು) ನೇರ ಹೋಗುತ್ತಿದೆ. ಮೂರು ವಾರ ಚೆಂಡನ್ನು ಎಡಕ್ಕೆ ಎಳೆದು ಸತಾಯಿಸಿದ ಕಾರಣ ಕೂತಿದ್ದದ್ದು ಗ್ರಿಪ್ಪಿನ ರಬ್ಬರ್ ಕೆಳಗೆ. ಅಲ್ಲಿಗೆ ತಲುಪುವ ಮೊದಲು ಹೆಡ್ಡಿನ (ಕ್ಲಬ್ಬಿನ ತಲೆ) ಮೇಲೂ ಶಾಫ್ಟಿನ (ಕೋಲು) ಮೇಲೂ ಅನುಮಾನಪಟ್ಟದ್ದಾಯಿತು. ಹಳೆಯ ಸೆಟ್ಟು ಕೊಂಡು ಸರಿಮಾಡಿಕೊಳ್ಳುವವರಿಗೆ ಈ ಭಾಗ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಫೆರೂಲ್ (ಶಾಫ್ಟು, ಹೆಡ್ಡು ಕೂಡುವಲ್ಲಿನ ಬಳೆ) ಪಾಲಿಶು, ಫೇಸ್ (ಚೆಂಡಿಗೆ ತಗಲುವ ಮುಖ) ತೊಳೆಯುವುದು ಇವೆಲ್ಲ ಬಿಟ್ಟು ಇದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಸೆಟ್ಟಿನ ಲೆಕ್ಕ ಇಷ್ಟು. 5ರಿಂದ ಪಿಚಿಂಗ್ ವೆಜ್‌ವರೆಗೆ ಆರು ಐರನ್, ಸ್ಟೀಲ್ ಶಾಫ್ಟ್, ರೆಗ್ಯುಲರ್ ಫ್ಲೆಕ್ಸ್ (ಶಾಫ್ಟಿನ ಬಗ್ಗುವಿಕೆ ಮಧ್ಯಮ), ಕ್ಯಾವಿಟಿ ಬ್ಯಾಕ್ (ಹಿಂಭಾಗ ಟೊಳ್ಳಾದ) ಹೆಡ್. ವೆಜ್ ಅಂದರೆ ಹತ್ತಿರದ ಹೊಡೆತದ ಕ್ಲಬ್ಬು. ಹೊಸ ಗ್ರಿಪ್ ಸೇರಿಸಿ 25,000 ರೂಪಾಯಿ ದಾಟಬಾರದು. ಆಡುವವರ ಎತ್ತರ 5 ಅಡಿ 6 ಇಂಚು, ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ 33 ಇಂಚು, ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕ, ಕಡಿಮೆಯಾದಷ್ಟೂ ಒಳ್ಳೆಯದು) 20ರ ಆಸುಪಾಸು, 7 ಐರನ್ ಕ್ಯಾರಿ (ಚೆಂಡು ನೆಲಕ್ಕೆ ಬೀಳುವವರೆಗಿನ ದೂರ) 130 ಯಾರ್ಡ್. ಈ 130 ಬೆಂಗಳೂರಿನದು. ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ ಗಾಳಿ ತೆಳು, ಚೆಂಡು ಶೇಕಡ ಮೂರು-ನಾಲ್ಕು ಹೆಚ್ಚು ಹೋಗುತ್ತದೆ. ಅದೇ ಹೊಡೆತ ಮಂಗಳೂರಿನ ಪಿಲಿಕುಳ ಗಾಲ್ಫ್ ಕೋರ್ಸಿನಲ್ಲಿ 125ಕ್ಕೆ ಬೀಳುತ್ತದೆ. ಇಲ್ಲಿನ ದೂರವನ್ನು ಹಿಡಿದುಕೊಂಡು ಚಾರ್ಟ್ ನೋಡಿ ಸ್ಟಿಫ್ (ಕಡಿಮೆ ಬಗ್ಗುವ) ಶಾಫ್ಟಿಗೆ ಹೋಗುವವರು ಈ ಐದು ಯಾರ್ಡ್ ಕಳೆದು ನೋಡಬೇಕು.

ಹೊಸ ಸೆಟ್ಟು ಬಿಟ್ಟು ಹತ್ತು ವರ್ಷ ಹಳೆಯದನ್ನು ಆರಿಸಿದ್ದಕ್ಕೆ ದುಡ್ಡಿನಷ್ಟೇ ಲಾಫ್ಟೂ (ಫೇಸ್ ಹಿಂದಕ್ಕೆ ವಾಲಿದ ಕೋನ) ಕಾರಣ. ಇದರ 7 ಐರನ್ 32 ಡಿಗ್ರಿ, ಪಿಚಿಂಗ್ ವೆಜ್ 45. ಈಗಿನ ಎಷ್ಟೋ ಡಿಸ್ಟೆನ್ಸ್ ಸೆಟ್ಟುಗಳಲ್ಲಿ 7 ಐರನ್ ಲಾಫ್ಟ್ 28ಕ್ಕೆ ಇಳಿದಿದೆ. ಅಂದರೆ ಈ ಸೆಟ್ಟಿನ 6 ಐರನ್ ಅಲ್ಲಿ 7 ಅನ್ನಿಸಿಕೊಂಡಿದೆ. 130 ಯಾರ್ಡ್ ಹೊಡೆಯುವವರಿಗೆ ಚೆಂಡು ಮೇಲೇರಿ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ನಿಲ್ಲಲು ಆ ನಾಲ್ಕು ಡಿಗ್ರಿ ಬೇಕೇ ಬೇಕು. ಕಡಿಮೆ ದುಡ್ಡಿಗೆ ಹೆಚ್ಚು ಹೊಂದುವ ಕ್ಲಬ್ಬು ಸಿಗುವ ಅಪರೂಪದ ಜಾಗ ಇದು.

ಇನ್ನು ಕಾಟದ ಕಥೆ. ಮೊದಲ ದಿನದಿಂದ ಎಲ್ಲ ಐರನ್ನೂ ಎಡಕ್ಕೆ. 7 ಐರನ್ ಐದಾರು ಯಾರ್ಡ್ ಎಡಕ್ಕೆ ಬಿದ್ದರೆ, ವೆಜ್ ಗುರಿ ಹಿಡಿದ ಹೊಡೆತವೂ ಗ್ರೀನಿನ ಎಡ ಅಂಚಿಗೆ. ಡಿವೋಟ್ (ಹೊಡೆತಕ್ಕೆ ಕಿತ್ತ ನೆಲದ ಗುರುತು) ನೋಡಿದರೆ ಹೀಲ್ (ಶಾಫ್ಟಿನ ಪಕ್ಕದ ತುದಿ) ಕಡೆ ಆಳ, ಟೋ (ಹೆಡ್ಡಿನ ಹೊರತುದಿ) ಕಡೆ ಬರೀ ಹುಲ್ಲು ಸವರಿದ ಗುರುತು. ಲೈ (ಶಾಫ್ಟಿಗೂ ನೆಲಕ್ಕೂ ನಡುವಿನ ಕೋನ) ಹೆಚ್ಚು ಅಪ್‌ರೈಟ್ (ನೆಟ್ಟಗೆ) ಆಗಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸೋಲಿಗೆ (ಹೆಡ್ಡಿನ ತಳ) ಟೇಪ್ ಅಂಟಿಸಿ ಲೈ ಬೋರ್ಡ್ (ಲೈ ನೋಡುವ ಗಟ್ಟಿ ಹಲಗೆ) ಮೇಲೆ ಹೊಡೆದಾಗ ಗುರುತು ಹೀಲಿನ ಹತ್ತಿರ ಬಂತು. ಲೆಕ್ಕ ಹಾಕಿದರೆ ಸುಮಾರು 3 ಡಿಗ್ರಿ ಅಪ್‌ರೈಟ್.

ಮೂರು ಡಿಗ್ರಿ ಅಂದ ಕೂಡಲೇ ಕೈ ನಿಂತುಹೋಗುತ್ತದೆ. ಈ ಹೆಡ್ಡುಗಳು 17-4 ಅನ್ನುವ ಗಟ್ಟಿ ಸ್ಟೇನ್‌ಲೆಸ್ ಸ್ಟೀಲಿನವು, ಎರಕ ಹೊಯ್ದವು. ಕಾರ್ಬನ್ ಸ್ಟೀಲಿನ ಫೋರ್ಜ್ಡ್ (ಬಡಿದು ರೂಪಿಸಿದ) ಹೆಡ್ ಆಗಿದ್ದರೆ ಮೂರು ಡಿಗ್ರಿ ಆರಾಮವಾಗಿ ಬಗ್ಗುತ್ತಿತ್ತು. 17-4 ಒಂದು ಡಿಗ್ರಿಗೆ ಒಪ್ಪುತ್ತದೆ, ಎರಡಕ್ಕೆ ಗೊಣಗುತ್ತದೆ, ಮೂರಕ್ಕೆ ಹೊಸೆಲ್ (ಶಾಫ್ಟ್ ಕೂರುವ ಹೆಡ್ಡಿನ ಕೊಳವೆ) ಬುಡದಲ್ಲಿ ಬಿರುಕು ಬಿಟ್ಟರೂ ಬಿಟ್ಟೀತು. ಸೆಟ್ಟನ್ನೇ ಮಾರಿಬಿಡುವ ಮಾತು ಬಂದದ್ದು ಈ ಹಂತದಲ್ಲಿ.

ಮೊದಲ ತಪ್ಪು ಬೋರ್ಡಿನದು. 12 ಮಿಲಿಮೀಟರ್ ದಪ್ಪದ ಬೋರ್ಡನ್ನು ನೆಲದ ಮೇಲಿಟ್ಟು, ಆಡುವವರು ಅದರ ಹೊರಗೆ ನಿಂತರೆ ಚೆಂಡು ಕಾಲಿಗಿಂತ 12 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಟೋ ತಾನಾಗಿಯೇ ಮೇಲೇಳುತ್ತದೆ, ಬೋರ್ಡು ಒಂದು ಡಿಗ್ರಿಗೂ ಹೆಚ್ಚು ಸುಳ್ಳು ಹೇಳುತ್ತದೆ. ಕಾಲ ಕೆಳಗೂ ಅಷ್ಟೇ ದಪ್ಪದ ಹಲಗೆ ಇಡಬೇಕು, ಇಲ್ಲವೇ ಬೋರ್ಡ್ ಬಿಟ್ಟು ಮಾರ್ಕರ್ ಪರೀಕ್ಷೆಗೆ ಬರಬೇಕು. ನಮಗೆ ಮಾರ್ಕರೇ ಸರಿಹೋಯಿತು.

ಮಾಡುವ ಬಗೆ ಹೀಗೆ. ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಮೇಲೆ ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಫೇಸಿನ ಕಡೆ ನೋಡುವಂತೆ ಚೆಂಡಿಟ್ಟು ಹೊಡೆಯುವುದು. ಹಸಿ ಇರುವಾಗಲೇ ಹೊಡೆಯಬೇಕು, ಒಣಗಿದರೆ ಅಚ್ಚು ಬೀಳುವುದಿಲ್ಲ. ಫೇಸ್ ಮೇಲೆ ಬಿದ್ದ ಗೆರೆ ಗ್ರೂವ್‌ಗಳಿಗೆ (ಫೇಸಿನ ಮೇಲಿನ ಅಡ್ಡ ಗೀರುಗಳು) ಲಂಬವಾಗಿದ್ದರೆ ಲೈ ಸರಿ. ಗೆರೆಯ ತಲೆ ಟೋ ಕಡೆ ವಾಲಿದರೆ ಅಪ್‌ರೈಟ್, ಹೀಲ್ ಕಡೆ ವಾಲಿದರೆ ಫ್ಲಾಟ್. ಫೇಸಿಗೆ ನೇರ ಎದುರಿನಿಂದ ಫೋಟೋ ತೆಗೆದು, ಗ್ರೂವ್‌ಗೂ ಗೆರೆಗೂ ನಡುವಿನ ಕೋನ ಅಳೆದರೆ 90ರಿಂದ ಎಷ್ಟು ಜಾರಿದೆಯೋ ಅಷ್ಟೇ ಲೈ ತಪ್ಪು. ಒಂದು ಗೆರೆ ನಂಬಬೇಡಿ. ಪ್ರತಿ ಕ್ಲಬ್ಬಿಗೆ ಐದು ಚೆಂಡು ಹೊಡೆದು, ಫೇಸಿನ ನಡುವೆ ತಗುಲಿದ ಮೂರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. 7 ಐರನ್ ಕೊಟ್ಟ ಉತ್ತರ 1.5 ಡಿಗ್ರಿ. ಮೂರರಲ್ಲಿ ಅರ್ಧ ಅಲ್ಲೇ ಕರಗಿಹೋಯಿತು.

ಉಳಿದ ಒಂದೂವರೆಯಲ್ಲಿ ಬಹುಪಾಲಿನ ಮೂಲ ಸಿಕ್ಕಿದ್ದು ಅಳತೆ ಟೇಪಿನಲ್ಲಿ. ಉದ್ದ ಅಳೆಯುವಾಗ ಹೆಚ್ಚಿನವರು ಹೊಸೆಲ್ಲಿನಿಂದ ಅಳೆಯುತ್ತಾರೆ, ಅದು ತಪ್ಪು. ಕ್ಲಬ್ಬನ್ನು ಆಡುವ ಭಂಗಿಯಲ್ಲಿ ಸೋಲ್ ಮೇಲೆ ನಿಲ್ಲಿಸಿ, ನೆಲಕ್ಕೆ 60 ಡಿಗ್ರಿಯಲ್ಲಿ ಇಟ್ಟ ಅಳತೆಪಟ್ಟಿಯನ್ನು ಹೀಲಿನ ಹಿಂದಿನಿಂದ ಶಾಫ್ಟಿನ ಗುಂಟ ಗ್ರಿಪ್ ಕ್ಯಾಪ್‌ವರೆಗೆ ಓದಬೇಕು. 7 ಐರನ್ 37 ಇಂಚು ಇರಬೇಕಿತ್ತು, 37.5 ಬಂತು. 5 ಐರನ್ 38ರ ಬದಲು 38.5. ಆರಕ್ಕೆ ಆರೂ ಅರ್ಧ ಇಂಚು ಉದ್ದ. ಹಿಂದೆ ಆಡಿದವರು ಎತ್ತರದ ಆಳಾಗಿರಬೇಕು. ಅರ್ಧ ಇಂಚು ಉದ್ದ ಹೆಚ್ಚಿದರೆ ಕ್ಲಬ್ಬು ಒಂದು ಡಿಗ್ರಿಯಷ್ಟು ಅಪ್‌ರೈಟ್ ಆಗಿ ಆಡುತ್ತದೆ ಅನ್ನುವುದು ಹಳೆಯ ಲೆಕ್ಕ, ಇಲ್ಲಿ ಅದು ಚೊಕ್ಕವಾಗಿ ಕೂತಿತು.

ಹುಕ್ ಬ್ಲೇಡಿನಿಂದ ಗ್ರಿಪ್ ಸೀಳಿದರೆ ಬಟ್ (ಕೈ ಹಿಡಿಯುವ) ತುದಿಯಲ್ಲಿ ಎಕ್ಸ್‌ಟೆನ್ಶನ್ ಪ್ಲಗ್ (ಉದ್ದ ಹೆಚ್ಚಿಸುವ ತುಂಡು). ಎಪಾಕ್ಸಿ ಹಾಕಿ ಕೂರಿಸಿದ್ದು, ಮೇಲೆ ಟೇಪ್ ಸುತ್ತಿ ಅಚ್ಚುಕಟ್ಟಾಗಿ ಮುಚ್ಚಿದ್ದು. ಮಾರಿದವರ ಪಟ್ಟಿಯಲ್ಲಿ ‘ಸ್ಟಾಂಡರ್ಡ್ ಉದ್ದ’ ಎಂದು ಬರೆದಿತ್ತು. ಹಳೆಯ ಸೆಟ್ಟು ಮಾರುವವರು ಒಂದೇ ಒಂದು 7 ಐರನ್ ಪಕ್ಕ ಟೇಪ್ ಹಿಡಿದು ಫೋಟೋ ಹಾಕಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಕೊಳ್ಳುವಾಗ ಆ ಫೋಟೋ ಕೇಳಿ, ಕೊಡದಿದ್ದರೆ ಬೆಲೆ ಇಳಿಸಿ ಕೇಳಿ. ಪಿಂಗ್ ಕಂಪನಿಯ ಐರನ್ ಆದರೆ ಬಣ್ಣದ ಚುಕ್ಕೆಯನ್ನೂ ನೋಡಿ: ಕಪ್ಪು ಸ್ಟಾಂಡರ್ಡ್, ನೀಲಿ ಅಪ್‌ರೈಟ್, ಕೆಂಪು ಫ್ಲಾಟ್. ಆದರೆ ಚುಕ್ಕೆ ಕಾರ್ಖಾನೆಯ ಮಾತು ಹೇಳುತ್ತದೆ, ಆಮೇಲೆ ಯಾರು ಏನು ಬಗ್ಗಿಸಿದರು, ಏನು ಜೋಡಿಸಿದರು ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ.

ಪ್ಲಗ್ ತೆಗೆಯಲು ಹೀಟ್ ಗನ್ನಿನಿಂದ ಬಟ್ ತುದಿ ಬಿಸಿಮಾಡಿ, ಇಕ್ಕಳದಲ್ಲಿ ಹಿಡಿದು ತಿರುಚಿ ಎಳೆಯಬೇಕು. ನಾಲ್ಕು ಹೀಗೆ ಬಂದವು. 6 ಮತ್ತು 9 ಏನು ಮಾಡಿದರೂ ಜಗ್ಗಲಿಲ್ಲ. ಅವನ್ನು ಪೈಪ್ ಕಟರ್‌ನಿಂದ ಜೋಡಣೆಯ ಗೆರೆಯಲ್ಲೇ ಕತ್ತರಿಸಿದ್ದಾಯಿತು, ಒಳಗಿನ ತುಂಡು ಒಳಗೇ ಉಳಿಯಿತು. ಇದು ಆಮೇಲೆ ತಲೆನೋವು ಕೊಟ್ಟಿತು. ಅಂದ ಹಾಗೆ, ಗ್ರಾಫೈಟ್ ಶಾಫ್ಟಿಗೆ ಪೈಪ್ ಕಟರ್ ಹಚ್ಚಲೇಬಾರದು, ನಾರು ಒಡೆಯುತ್ತದೆ. ಟೇಪ್ ಸುತ್ತಿ ಸಣ್ಣ ಹಲ್ಲಿನ ಹ್ಯಾಕ್‌ಸಾದಲ್ಲಿ ಕೊಯ್ಯಬೇಕು.

ಅಷ್ಟರಲ್ಲಿ ಹೊಸ ಗ್ರಿಪ್ ಬಂದವು. ಪ್ಯಾಕೆಟ್ ಮೇಲೆ 50 ಗ್ರಾಮ್. ಅಡುಗೆಮನೆಯ ತಕ್ಕಡಿಯಲ್ಲಿ 47ರಿಂದ 56ರವರೆಗೆ! ಗ್ರಿಪ್ಪಿನಲ್ಲಿ 5 ಗ್ರಾಮ್ ಹೆಚ್ಚಿದರೆ ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಕೈಗೆ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆ) ಒಂದು ಪಾಯಿಂಟ್ ಇಳಿಯುತ್ತದೆ. ಅಂದರೆ ಒಂದೇ ಪ್ಯಾಕೆಟ್ಟಿನಲ್ಲಿ ಎರಡು ಪಾಯಿಂಟಿನ ವ್ಯತ್ಯಾಸ. ಬೇಕಾದದ್ದಕ್ಕಿಂತ ನಾಲ್ಕು ಹೆಚ್ಚು ತರಿಸಿ, 49ರಿಂದ 51ರೊಳಗಿನ ಆರನ್ನು ಐರನ್‌ಗೆ ಆರಿಸಿ, ಉಳಿದವನ್ನು ಬೇರೆ ಕ್ಲಬ್ಬುಗಳಿಗೆ ಎತ್ತಿಟ್ಟಿದೆ. ಗ್ರಿಪ್ ಕೂರಿಸಲು ಪೇಂಟ್ ಅಂಗಡಿಯ ಟರ್ಪೆಂಟೈನ್ ಸಾಕು. ಸೀಮೆಎಣ್ಣೆ ಬೇಡ, ಜಿಡ್ಡು ಉಳಿದು ಗ್ರಿಪ್ ತಿರುಗುತ್ತದೆ. ಥಿನ್ನರ್ ರಬ್ಬರನ್ನೇ ತಿನ್ನುತ್ತದೆ.

ಸ್ವಿಂಗ್‌ವೇಟ್ ತಕ್ಕಡಿ ಕೊಳ್ಳುವಷ್ಟು ದುಡ್ಡು ಈ ಸೆಟ್ಟಿನಲ್ಲಿಲ್ಲ, ಕೊಳ್ಳುವ ಅಗತ್ಯವೂ ಇಲ್ಲ. ಕ್ಲಬ್ಬನ್ನು ನಿಲ್ಲಿಸಿದ ಸ್ಕೇಲಿನ ಅಂಚಿನ ಮೇಲೆ ತೂಗಿ ನಿಲ್ಲಿಸಿ, ಗ್ರಿಪ್ ತುದಿಯಿಂದ ತೂಗುವ ಬಿಂದುವಿಗೆ ಎಷ್ಟು ಇಂಚು ನೋಡಿ. ಅದರಿಂದ 14 ಕಳೆದು ಕ್ಲಬ್ಬಿನ ಗ್ರಾಮ್ ತೂಕದಿಂದ ಗುಣಿಸಿ. 6050 ಬಂದರೆ ಡಿ0 (ಸ್ವಿಂಗ್‌ವೇಟ್ ಮಾಪಕದ ಒಂದು ಮಟ್ಟ), ಅಲ್ಲಿಂದ ಪ್ರತಿ 50ಕ್ಕೆ ಒಂದು ಪಾಯಿಂಟ್. ಪ್ಲಗ್ ಇದ್ದಾಗ ನಮ್ಮ 7 ಐರನ್ 428 ಗ್ರಾಮ್, ತೂಗುವ ಬಿಂದು 28.54, ಲೆಕ್ಕ 6223, ಅಂದರೆ ಡಿ3.5. ಆ ಕ್ಲಬ್ಬು ಕೈಗೆ ಯಾಕೆ ಸುತ್ತಿಗೆಯಂತೆ ಭಾರ ಅನ್ನಿಸುತ್ತಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಪ್ಲಗ್ ತೆಗೆದು ಹೊಸ ಗ್ರಿಪ್ ಹಾಕಿದ ಮೇಲೆ 425 ಗ್ರಾಮ್, 28.30, ಲೆಕ್ಕ 6077, ಡಿ0.5. ಬಿಂದುವನ್ನು ಅರ್ಧ ಮಿಲಿಮೀಟರ್‌ವರೆಗೆ ಓದಬೇಕು, ಒಂದು ಮಿಲಿಮೀಟರ್ ತಪ್ಪಿದರೆ ಮೂರನೇ ಒಂದು ಪಾಯಿಂಟ್ ಹೋಯಿತು.

6 ಮತ್ತು 9 ಮಾತ್ರ ಡಿ0ಕ್ಕಿಂತ ಕೆಳಗೆ ಕೂತವು. ಒಳಗುಳಿದ ಪ್ಲಗ್ ತುಂಡು ಕೈಯ ಕಡೆ ತೂಕ ಹೆಚ್ಚಿಸಿ ಹೆಡ್ಡನ್ನು ಹಗುರ ಅನ್ನಿಸುವಂತೆ ಮಾಡುತ್ತದೆ. ಹೆಡ್ಡಿಗೆ 2 ಗ್ರಾಮ್ ಸೇರಿಸಿದರೆ ಒಂದು ಪಾಯಿಂಟ್ ಏರುತ್ತದೆ. ಅರ್ಧ ಇಂಚು ಅಗಲದ ಸೀಸದ ಟೇಪ್ ನಾಲ್ಕು ಇಂಚು ಕತ್ತರಿಸಿದರೆ ಸರಿಸುಮಾರು ಅಷ್ಟು. ಕ್ಯಾವಿಟಿಯ ಒಳಗೆ ಸೋಲಿನ ಹತ್ತಿರ ಅಂಟಿಸಿ, ಚಮಚದ ಹಿಂಭಾಗದಿಂದ ಉಜ್ಜಿ ಕೂರಿಸಿದೆ. ಆ ಚಮಚ ಮತ್ತೆ ಅಡುಗೆಗೆ ಬೇಡ, ಕೈಯನ್ನೂ ಸೋಪು ಹಾಕಿ ತೊಳೆಯಿರಿ.

ಮತ್ತೆ ಮಾರ್ಕರ್. 5ರಿಂದ 8ರವರೆಗೆ ಅರ್ಧ ಡಿಗ್ರಿಯೊಳಗೆ. 9 ಮತ್ತು ವೆಜ್ ಇನ್ನೂ ಒಂದು ಡಿಗ್ರಿ ಟೋ ಕಡೆಗೇ. ಲಾಫ್ಟ್ ಹೆಚ್ಚಿದಷ್ಟೂ ಲೈ ತಪ್ಪು ಚೆಂಡನ್ನು ಹೆಚ್ಚು ಓರೆಗೆ ಕಳಿಸುತ್ತದೆ, ಆದ್ದರಿಂದ ಇವೆರಡನ್ನು ಹಾಗೇ ಬಿಡುವಂತಿಲ್ಲ. ಒಂದು ಡಿಗ್ರಿಗೆ 17-4 ಒಪ್ಪುತ್ತದೆ ಎಂದೆನಲ್ಲ, ಅದನ್ನೇ ಮಾಡಿದ್ದು. ಬೆಂಡಿಂಗ್ ಮಶೀನಿನಲ್ಲಿ ಹೆಡ್ ಬಿಗಿದು, ಬಾರ್ ಹೊಸೆಲ್ ಬುಡಕ್ಕೆ ಕೂರಿಸಿ, ಜರ್ಕ್ ಇಲ್ಲದೆ ನಿಧಾನ ಒತ್ತಡ. ಕೈ ಸಡಿಲಿಸಿದ ಕೂಡಲೇ ಸ್ಟೇನ್‌ಲೆಸ್ ಹಿಂದಕ್ಕೆ ಜಿಗಿಯುತ್ತದೆ, ಆದ್ದರಿಂದ ಬೇಕಾದದ್ದಕ್ಕಿಂತ ಸ್ವಲ್ಪ ದಾಟಿಸಿ, ಬಿಟ್ಟು, ಅಳೆದು, ಮತ್ತೆ ಒತ್ತುವುದು. ಪ್ರತಿ ಒತ್ತಿಗೂ ಲಾಫ್ಟ್ ನೋಡಿ, ಬಾರ್ ಕೊಂಚ ಓರೆಯಾದರೆ ಲೈ ಜೊತೆ ಲಾಫ್ಟೂ ಕದಲುತ್ತದೆ. 9 ಐರನ್ 41 ಇದ್ದದ್ದು 40.5ಕ್ಕೆ ಬಂತು. ಅದನ್ನು ಹಾಗೇ ಬಿಟ್ಟಿದೆ, ಎರಡನೇ ಸಲ ಬಗ್ಗಿಸುವ ಅಪಾಯಕ್ಕೆ ಅರ್ಧ ಡಿಗ್ರಿ ಬೆಲೆಬಾಳುವುದಿಲ್ಲ.

ಈಗ ಕಣ್ಣಿಗೆ ಚುಚ್ಚುತ್ತಿರುವುದು ವೆಜ್‌ಗಳ ನಡುವಿನ ಕಂದಕ. ಪಿಚಿಂಗ್ ವೆಜ್ 45, ಬ್ಯಾಗಿನಲ್ಲಿರುವ ಸ್ಯಾಂಡ್ ವೆಜ್ 56. ಹನ್ನೊಂದು ಡಿಗ್ರಿ ಖಾಲಿ, ಅರ್ಧ ಸ್ವಿಂಗಿನ ಲೆಕ್ಕಾಚಾರದಲ್ಲೇ ರೌಂಡ್ ಕಳೆಯುತ್ತದೆ. ನಡುವೆ 50 ಅಥವಾ 51 ಬೇಕು. ಬೌನ್ಸ್ (ಸೋಲಿನ ಹಿಂದಿನ ಅಂಚು ಮುಂದಿನ ಅಂಚಿಗಿಂತ ಕೆಳಗೆ ಇಳಿದಿರುವ ಕೋನ) ವಿಷಯದಲ್ಲಿ ನಮ್ಮ ನೆಲ ಎರಡು ಮಾತಾಡುತ್ತದೆ: ಮಾರ್ಚ್-ಏಪ್ರಿಲ್‌ನಲ್ಲಿ ಗಟ್ಟಿ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ಮೇಲೆ 12 ಡಿಗ್ರಿ ಬೌನ್ಸ್ ಜಿಗಿದು ಚೆಂಡಿನ ಹೊಟ್ಟೆಗೆ ಹೊಡೆಯುತ್ತದೆ, ಜುಲೈ ಕೆಸರಿನಲ್ಲಿ 6 ಡಿಗ್ರಿಯದು ಗುದ್ದಲಿಯಂತೆ ಹೂತುಹೋಗುತ್ತದೆ. 50ರಲ್ಲಿ 8 ಡಿಗ್ರಿ ಬೌನ್ಸ್ ಇಟ್ಟುಕೊಂಡು, 56ರ ಸೋಲಿನ ಹಿಂದಿನ ಅಂಚನ್ನು ಫೈಲ್ ಮಾಡುವ ಯೋಚನೆ ಇದೆ. ಉಜ್ಜಿದ ಲೋಹ ತಿರುಗಿ ಬರುವುದಿಲ್ಲ, ಆದ್ದರಿಂದ ಮೊದಲು ಗುಜರಿ ಹೆಡ್ ಮೇಲೆ.

50 ಡಿಗ್ರಿಯ ಹೆಡ್ ಒಂದು ಬೆಂಚಿನ ಮೇಲೆ ಬಂದು ಕೂತಿದೆ, ಶಾಫ್ಟ್ ಇನ್ನೂ ತರಿಸಿಲ್ಲ. ಹೊಸೆಲ್ .355 ಇಂಚಿನ ಟೇಪರೋ (ತುದಿಗೆ ಸಪೂರವಾಗುವುದು) .370 ಇಂಚಿನ ಪ್ಯಾರಲಲ್ಲೋ (ಒಂದೇ ದಪ್ಪದ್ದು) ಎಂದು ಕ್ಯಾಲಿಪರ್‌ನಲ್ಲಿ ನೋಡಬೇಕು. 9.0 ಮಿಲಿಮೀಟರ್ ಬಂದರೆ ಟೇಪರ್, 9.4 ಬಂದರೆ ಪ್ಯಾರಲಲ್. ಮಾರಿದವರು ಪ್ಯಾರಲಲ್ ಅಂದಿದ್ದಾರೆ. ಈ ಸಲ ಅಳೆದೇ ಆರ್ಡರ್.