ಹಳೇ ಬೋಟು ಕೊಳ್ಳುವಿರಾದರೆ ಗಾಳಿ ಇರುವ ದಿನವೇ ಓಡಿಸಿ ನೋಡಿ

ಹಳೇ ಮೋಟಾರ್ ಬೋಟು ಮಾರುವವರು ಟ್ರಯಲ್‌ಗೆ ಬೆಳಬೆಳಗ್ಗೆಯೇ ಬನ್ನಿ ಅನ್ನುತ್ತಾರೆ. ಆಗ ಗಾಳಿ ಇನ್ನೂ ಎದ್ದಿರುವುದಿಲ್ಲ, ನೀರು ತಟ್ಟೆಯ ಹಾಗಿರುತ್ತದೆ. ಅಂಥ ನೀರಿನಲ್ಲಿ ಎಂಥ ಬೋಟೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಓಡುತ್ತದೆ. ಎಂಜಿನ್ ನೇತುಹಾಕುವ ಹಿಂದಿನ ಗೋಡೆ, ಅಂದರೆ ಟ್ರಾನ್ಸಮ್, ಒಳಗೊಳಗೇ ಕೊಳೆತಿದ್ದರೂ ತಿಳಿಯುವುದಿಲ್ಲ. ಟ್ಯಾಂಕಿನ ತಳದಲ್ಲಿ ಗಸಿ ಕೂತಿದ್ದರೆ ಅದು ಕೂತಲ್ಲೇ ಕೂತಿರುತ್ತದೆ. ಸ್ಟಿಯರಿಂಗ್ ಸಡಿಲವಾಗಿದ್ದರೂ ನೇರ ದಾರಿಯಲ್ಲಿ ಯಾರಿಗೂ ಗೊತ್ತಾಗದು. ಆದ್ದರಿಂದ ಗಾಳಿ ಬೀಸುವ ಹೊತ್ತಿಗೇ ಹೋಗಿ.

ಗಾಳಿಯಲ್ಲಿ ಬೇರೊಂದು ತೊಡಕಿದೆ. ಏನು ಕೆಟ್ಟದ್ದು ಕಂಡರೂ ಅದನ್ನು ಗಾಳಿಯ ತಲೆಗೆ ಕಟ್ಟಿಬಿಡಬಹುದು. ವಾಲಿತೇ, ಗಾಳಿ. ವೇಗ ಬರಲಿಲ್ಲವೇ, ಗಾಳಿ. ಸದ್ದು ಬಂತೇ, ಅಲೆ. ಅದಕ್ಕೆ ಮದ್ದು ಒಂದೇ: ಪ್ರತಿಯೊಂದನ್ನೂ ಒಮ್ಮೆ ಹೋಗುವಾಗ, ಒಮ್ಮೆ ಅದೇ ದಾರಿಯಲ್ಲಿ ತಿರುಗಿ ಬರುವಾಗ ನೋಡುವುದು. ಗಾಳಿಯ ತಪ್ಪು ದಿಕ್ಕು ಬದಲಾದಾಗ ತಾನೂ ಬದಲಾಗುತ್ತದೆ, ಬೋಟಿನ ತಪ್ಪು ಎಲ್ಲಿ ಹೋದರೂ ಜೊತೆಗೇ ಬರುತ್ತದೆ.

ಎಷ್ಟು ಗಾಳಿ ಸಾಕು? ಐದಾರು ಮೀಟರ್ ಉದ್ದದ ತೆರೆದ ಬೋಟಿಗೆ ಬ್ಯೂಫೋರ್ಟ್ ಮಾಪಕದ 3 ಅಥವಾ 4 ಸರಿ. ಅಂದರೆ 7ರಿಂದ 16 ನಾಟ್, ಗಂಟೆಗೆ ಸುಮಾರು 13ರಿಂದ 30 ಕಿ.ಮೀ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಿಸಿಕೊಂಡು, ನಾಲ್ಕಕ್ಕೆ ಹತ್ತಿರವಾದಂತೆ ಹೆಚ್ಚುತ್ತಾ ಹೋಗುತ್ತದೆ. ಮೊದಲ ಸಲ ಕೈಗೆ ಬಂದ ಬೋಟಿನಲ್ಲಿ ಅದಕ್ಕಿಂತ ಮೇಲೆ ಹೋಗಬೇಡಿ. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, 20 ನಾಟ್ ಗಾಳಿ ನೂಕುವುದು 10 ನಾಟ್ ಗಾಳಿಯ ನಾಲ್ಕರಷ್ಟು. ಬೋಟಿನ ಮೇಲೆ ಯುರೋಪಿನ ಸಿಇ ಫಲಕ ಇದ್ದರೆ ಅದನ್ನೂ ಓದಿ. 'ಡಿ' ವರ್ಗದ ಬೋಟನ್ನು ಬ್ಯೂಫೋರ್ಟ್ 4ರವರೆಗೆ, 'ಸಿ' ವರ್ಗದ್ದನ್ನು 6ರವರೆಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. 'ಡಿ' ಬೋಟನ್ನು ನೊರೆ ಏಳುವ ನೀರಿಗೆ ಒಯ್ದು ಕುಲುಕುತ್ತದೆ ಎಂದು ದೂರುವುದು ನ್ಯಾಯವಲ್ಲ.

ಗಾಳಿ ಎತ್ತಲಿಂದ ಬೀಸುತ್ತಿದೆ ಅನ್ನುವುದೂ ಮುಖ್ಯ. ದಡದಿಂದ ಆಚೆಗೆ ಬೀಸುತ್ತಿದ್ದರೆ ದಡದ ಬಳಿ ನೀರು ಸಮತಟ್ಟಾಗಿ ಕಾಣುತ್ತದೆ, ಆದರೆ ದೂರ ಹೋದಷ್ಟೂ ಅಲೆ ಬೆಳೆಯುತ್ತದೆ. ಎಂಜಿನ್ ನಿಂತರೆ ಬೋಟು ಆ ಕಡೆಗೇ ತೇಲಿಹೋಗುತ್ತದೆ. ಹೊರಡುವ ಮೊದಲೇ 'ಇಲ್ಲಿ ಎಂಜಿನ್ ಕೆಟ್ಟರೆ ಎಲ್ಲಿಗೆ ಹೋಗಿ ಬೀಳುತ್ತೇವೆ' ಎಂದು ಕೇಳಿಕೊಳ್ಳಿ. ಲಂಗರು ಹಗ್ಗದ ಸಮೇತ ಕೈಗೆ ಸಿಗುವಂತಿರಲಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲಿರಲಿ. ಕಿಲ್ ಸ್ವಿಚ್‌ನ ದಾರ ಓಡಿಸುವವರ ಮೈಗೆ ಸಿಕ್ಕಿಸಿರಲಿ, ಅದನ್ನು ಎಳೆದರೆ ಎಂಜಿನ್ ನಿಜಕ್ಕೂ ನಿಲ್ಲುತ್ತದೆಯೇ ಎಂದು ಜೆಟ್ಟಿಯಲ್ಲೇ ನೋಡಿ. ಮೊದಲ ಹತ್ತು ನಿಮಿಷ ಮಾಲೀಕರೇ ಓಡಿಸಲಿ. ಅವರು ಯಾವುದನ್ನು ಮಾಡದೆ ತಪ್ಪಿಸುತ್ತಾರೆ ಎಂದು ಗಮನಿಸಿದರೆ ಅರ್ಧ ವಿಷಯ ಅಲ್ಲೇ ಸಿಗುತ್ತದೆ.

ಎಂಜಿನ್ ತಣ್ಣಗಿರಬೇಕು. ಕವರ್ ತೆಗೆದು ಬ್ಲಾಕಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುನ್ನವೇ ಯಾರೋ ಒಮ್ಮೆ ಸ್ಟಾರ್ಟ್ ಮಾಡಿದ್ದಾರೆ, ಆರುವವರೆಗೆ ಕಾಯಿರಿ. ಸುಮ್ಮನಿರುವ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಮುಗಿದಿದೆ, ಇಲ್ಲವೇ ಕೇಬಲ್ ತುದಿಗಳು ತುಕ್ಕು ತಿಂದಿವೆ. ಓಡುವಾಗ 13.8ರಿಂದ 14.4ರ ನಡುವೆ ನಿಲ್ಲಬೇಕು. ಔಟ್‌ಬೋರ್ಡ್ ಎಂಜಿನ್ನಿನ, ಅಂದರೆ ಹಿಂದಿನ ಗೋಡೆಗೆ ಹೊರಗಿನಿಂದ ನೇತುಹಾಕಿದ ಎಂಜಿನ್ನಿನ, ಪಕ್ಕದಿಂದ ಚಿಮ್ಮುವ ನೀರಿನ ಎಳೆ ಒಂದೇ ಸಮ ಬರಬೇಕು. ನಿಧಾನದಲ್ಲಿ ಸೊರಗಿ ವೇಗದಲ್ಲಿ ಸರಿಹೋದರೆ ಮೊದಲು ಅನುಮಾನಿಸಬೇಕಾದದ್ದು ಸವೆದ ಇಂಪೆಲ್ಲರನ್ನು, ಅಂದರೆ ಎಂಜಿನ್ ತಣಿಸುವ ನೀರೆತ್ತುವ ಪಂಪಿನ ಚಕ್ರವನ್ನು. ಎಳೆಯೇ ಬಾರದಿದ್ದರೆ ಮೊದಲು ಆ ತೂತಿಗೆ ತಂತಿ ಹಾಕಿ ನೋಡಿ. ಎಷ್ಟೋ ಸಲ ಹುಳ ಗೂಡು ಕಟ್ಟಿರುತ್ತದೆ, ಅಷ್ಟೇ.

ಬೋಟು ಇನ್ನೂ ಟ್ರೇಲರ್ ಮೇಲಿರುವಾಗಲೇ ಎರಡು ಕೆಲಸ ಮುಗಿಸಬೇಕು. ಗೇರ್‌ಕೇಸಿನ ಕೆಳಗಿನ ಸ್ಕ್ರೂ ತುಸು ಸಡಿಲಿಸಿ ನಾಲ್ಕು ಹನಿ ಎಣ್ಣೆ ಬಿಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ಸೀಲ್ ಹೋಗಿ ನೀರು ಸೇರಿದೆ. ಎರಡನೆಯದು, ಪ್ರೊಪೆಲ್ಲರಿನ ನಡುವಿನ ಲೋಹದ ತೋಳಿನಿಂದ ಸುತ್ತಲಿನ ರಬ್ಬರನ್ನು ದಾಟಿ ಹೊರಗಿನ ಹಬ್‌ವರೆಗೆ ಪರ್ಮನೆಂಟ್ ಮಾರ್ಕರಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಇದರ ಉಪಯೋಗ ಆಮೇಲೆ. ಬಿಲ್ಜನ್ನು, ಅಂದರೆ ಬೋಟಿನ ತಳದ ನೀರುಗುಂಡಿಯನ್ನು, ಬಟ್ಟೆಯಿಂದ ಒರೆಸಿ ಒಣಗಿಸಿ. ಟ್ರಾನ್ಸಮ್ಮಿನಲ್ಲಿ ಸಣ್ಣ ಬಿರುಕು ಕಂಡರೆ ಅದನ್ನೂ ಒರೆಸಿಡಿ.

ಇಬ್ಬರೇ ಕೂತು, ಕಾಲು ಟ್ಯಾಂಕ್ ಪೆಟ್ರೋಲ್ ಹಾಕಿ ಓಡಿಸಿದರೆ ಎಲ್ಲ ಬೋಟೂ ಕುದುರೆಯೇ. ಮುಂದೆ ಎಷ್ಟು ಜನರನ್ನು ಹತ್ತಿಸಿಕೊಳ್ಳುತ್ತೀರೋ ಸುಮಾರು ಅಷ್ಟೇ ತೂಕ ಇಂದೂ ಇರಲಿ. ನೂರು ಲೀಟರ್ ಪೆಟ್ರೋಲೇ ಎಪ್ಪತ್ತೈದು ಕಿಲೋ ತೂಗುತ್ತದೆ.

ಜೆಟ್ಟಿ ಬಿಟ್ಟ ಮೇಲೆ ತಕ್ಷಣ ವೇಗಕ್ಕೆ ಹೋಗಬೇಡಿ. ನ್ಯೂಟ್ರಲ್‌ನಲ್ಲಿ ಬಿಟ್ಟು ಒಂದೆರಡು ನಿಮಿಷ ಸುಮ್ಮನೆ ನೋಡಿ. ಔಟ್‌ಬೋರ್ಡ್ ಬೋಟಿನ ಹಗುರ ಮೂತಿಯನ್ನು ಗಾಳಿ ನೂಕಿಬಿಡುತ್ತದೆ, ಅದು ಸಹಜ. ಆಮೇಲೆ ಮೂತಿಯನ್ನು ಗಾಳಿಗೆ ಎದುರು ಮಾಡಿ, ಗೇರ್ ಹಾಕುತ್ತಾ ತೆಗೆಯುತ್ತಾ ಒಂದೇ ಜಾಗದಲ್ಲಿ ಒಂದು ನಿಮಿಷ ನಿಲ್ಲಿಸಿ. ಎತ್ತರದ ಕ್ಯಾಬಿನ್ ಇರುವ ಬೋಟು ಇಲ್ಲಿ ಎಷ್ಟು ಸತಾಯಿಸುತ್ತದೋ ಪ್ರತಿ ಸಲ ಜೆಟ್ಟಿಗೆ ಕಟ್ಟುವಾಗಲೂ ಅಷ್ಟೇ ಸತಾಯಿಸುತ್ತದೆ. ಗೇರ್ ಬೀಳುವಾಗ 'ಟಕ್' ಎಂದು ಒಂದೇ ಸದ್ದು ಬರಬೇಕು. ಕಟಕಟನೆ ಉಜ್ಜಿದರೆ ಒಳಗಿನ ಕ್ಲಚ್ ಡಾಗ್, ಅಂದರೆ ಗೇರನ್ನು ಹಿಡಿಯುವ ಹಲ್ಲಿನ ತುಂಡು, ಸವೆದಿದೆ, ಇಲ್ಲವೇ ಶಿಫ್ಟ್ ಕೇಬಲ್ ಹೊಂದಾಣಿಕೆ ತಪ್ಪಿದೆ.

ಈಗ ಅಲೆಗೆ ಎದುರಾಗಿ. ಟ್ರಿಮ್, ಅಂದರೆ ಎಂಜಿನ್ನಿನ ಓರೆ, ಒಳಗೆಳೆದು ಮೂತಿ ತಗ್ಗಿಸಿ, ಬೋಟು ನೀರಿನ ಮೇಲೆದ್ದು ಜಾರತೊಡಗುವಷ್ಟೇ ಥ್ರಾಟಲ್ ಕೊಡಿ. ತಳ ಚಪ್ಪಟೆಯಾದಷ್ಟೂ ಏಟು ಜೋರು. ಹಿಂದಿನ ತುದಿಯಲ್ಲಿ 20 ಡಿಗ್ರಿ ಮೇಲಿನ 'ವಿ' ಇರುವ ತಳ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ಆದರೆ ನಿಂತಾಗ ಹೆಚ್ಚು ತೊಯ್ದಾಡುತ್ತದೆ. ಇದು ಗುಣ, ದೋಷವಲ್ಲ. ದೋಷ ತಿಳಿಯುವುದು ಕಿವಿಗೆ. ಗಟ್ಟಿ ಬೋಟು ಅಲೆಗೆ ಬಿದ್ದಾಗ 'ಧಬ್' ಎಂದು ಒಂದೇ ಸದ್ದು. 'ಧಬ್' ಆದ ಮೇಲೆ ಕಿರ್ರೆಂದರೆ ಅಥವಾ ಎರಡನೇ ಏಟು ಕೇಳಿದರೆ ಯಾವುದೋ ಬಿಟ್ಟುಕೊಂಡಿದೆ: ಸೀಟಿನ ಬೋಲ್ಟ್ ಇರಬಹುದು, ತಳದ ಉದ್ದಕ್ಕೂ ಹೋಗುವ ಸ್ಟ್ರಿಂಗರ್ ಫೈಬರಿನಿಂದ ಬೇರೆಯಾಗಿರಬಹುದು. ಬರಿಗಾಲಲ್ಲಿ ನಿಂತರೆ ಬೂಟಿಗೆ ತಿಳಿಯದ್ದು ತಿಳಿಯುತ್ತದೆ. ಡೆಕ್ ಒಂದು ಕಡೆ ಮಾತ್ರ ಮೆತ್ತಗೆ ಒತ್ತಿಕೊಂಡರೆ ಅಲ್ಲಿನ ಮರ ಒದ್ದೆಯಾಗಿದೆ.

ಇದೇ ಹೊತ್ತಿಗೆ ಇನ್ನೊಬ್ಬರು ಹಿಂದೆ ಕೂತು ಬರೀ ಟ್ರಾನ್ಸಮ್ಮನ್ನೇ ನೋಡಬೇಕು. ಒಂದು ಕೈ ಎಂಜಿನ್ ಬ್ರಾಕೆಟ್ ಮೇಲೆ, ಇನ್ನೊಂದು ಬೋಟಿನ ಅಂಚಿನ ಮೇಲೆ. ಅಲೆ ಹತ್ತಿ ಇಳಿದಾಗ ಎರಡೂ ಕೈ ಒಟ್ಟಿಗೆ ಎದ್ದು ಒಟ್ಟಿಗೆ ಬೀಳಬೇಕು. ಎಂಜಿನ್ ಕಡೆಯ ಕೈ ಅರೆಕ್ಷಣ ತಡವಾಗಿ ಬಂದರೆ, ಬೋಲ್ಟುಗಳು ಬಿಗಿಯಾಗಿದ್ದೂ ಹಾಗಾದರೆ, ಒಳಗಿನ ಪ್ಲೈವುಡ್ ಕೊಳೆತಿದೆ ಎಂದೇ ಎಣಿಸಿ. ನನ್ನ ಮಟ್ಟಿಗೆ ಅಲ್ಲಿಗೆ ಮಾತುಕತೆ ಮುಗಿಯಿತು. ಎಂಜಿನ್ ಎಷ್ಟೇ ಹೊಸದಿರಲಿ.

ಗಾಳಿ ಪಕ್ಕದಿಂದ ಬಡಿಯುವಾಗ ವೇಗದ ಬೋಟು ಗಾಳಿ ಬರುವ ಕಡೆಗೇ ವಾಲುತ್ತದೆ. ವಿಚಿತ್ರ ಅನಿಸಬಹುದು, ಆದರೆ ನೇರ ಹೋಗಲು ನಾವು ಗಾಳಿಯ ಕಡೆಗೆ ತಿರುಗಿಸಿ ಹಿಡಿದಿರುತ್ತೇವಲ್ಲ, ಅದರ ಫಲ ಅದು. ಟ್ರಿಮ್ ಟ್ಯಾಬ್, ಅಂದರೆ ಹಿಂದಿನ ಅಂಚಿನ ಕೆಳಗೆ ಏರಿಳಿಸುವ ಹಲಗೆ, ಇದ್ದರೆ ತಗ್ಗಿದ ಬದಿಯ ಟ್ಯಾಬ್ ಇಳಿಸಿದರೆ ಮೇಲೇಳುತ್ತದೆ. ಈಗ ತಿರುಗಿ ಅದೇ ದಾರಿಯಲ್ಲಿ ಬನ್ನಿ. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ವಾಲಿದರೆ ಅದು ಗಾಳಿ. ಎರಡು ಸಲವೂ ಎಡಕ್ಕೇ ವಾಲಿದರೆ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಜನರನ್ನು ಆಚೀಚೆ ಕೂರಿಸಿ ನೋಡಿ. ಆಗಲೂ ಹಾಗೇ ಇದ್ದರೆ ಡೆಕ್ಕಿನ ಕೆಳಗಿನ ಫೋಮ್ ಒಂದು ಬದಿಯಲ್ಲಿ ನೀರು ಕುಡಿದಿರುವ ಸಾಧ್ಯತೆ ದೊಡ್ಡದು. ವೇಗಕ್ಕೂ ಇದೇ ಲೆಕ್ಕ: ಜಿಪಿಎಸ್‌ನಲ್ಲಿ ಎರಡೂ ದಿಕ್ಕಿನ ವೇಗ ಬರೆದುಕೊಂಡು ಸರಾಸರಿ ತೆಗೆಯಿರಿ.

ಅಲೆ ಹಿಂದಿನಿಂದ ಬರುವಾಗ ಸ್ಟಿಯರಿಂಗಿನ ಬಣ್ಣ ಬಯಲಾಗುತ್ತದೆ. ಟ್ರಿಮ್ ಹೊರಗೆ ಕೊಟ್ಟು ಮೂತಿ ಎತ್ತಿಕೊಳ್ಳಿ, ಇಲ್ಲದಿದ್ದರೆ ಅದು ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಂಡು ಹಿಂಬದಿ ಪಕ್ಕಕ್ಕೆ ತಿರುಗಲು ನೋಡುತ್ತದೆ. ಚಕ್ರವನ್ನು ಸದಾ ಸರಿಪಡಿಸುತ್ತಲೇ ಇರಬೇಕಾದ ದಿಕ್ಕು ಇದು, ಹಾಗಾಗಿ ಆಟ ಎಷ್ಟಿದೆ ಎಂದು ತಾನೇ ತಿಳಿಯುತ್ತದೆ. ಕೇಬಲ್ ಸ್ಟಿಯರಿಂಗ್ ಒಂದು ಕಡೆ ಹಗುರ, ಇನ್ನೊಂದು ಕಡೆ ಬಿಗಿ ಇದ್ದರೆ ಅದು ಪ್ರೊಪೆಲ್ಲರಿನ ಎಳೆತ. ಎರಡೂ ಕಡೆ ಬಿಗಿಯಾದರೆ ಕೇಬಲ್ ತುಕ್ಕು. ಹೈಡ್ರಾಲಿಕ್ ಆದರೆ ಸ್ಪಂಜಿನ ಹಾಗೆ ಮೆತ್ತಗಾಗುವುದು ಗಾಳಿ ಸೇರಿದ ಗುರುತು; ಚಕ್ರದ ಬುಡದಲ್ಲಿ ಎಣ್ಣೆಯ ಪಸೆ ಇದೆಯೇ ಎಂದು ಬೆರಳಾಡಿಸಿ.

ಫುಲ್ ಥ್ರಾಟಲ್ ಪರೀಕ್ಷೆಗೆ ದಡದ ಮರೆಯ ಶಾಂತ ನೀರಿಗೆ ಬನ್ನಿ. ಎರಡು ಮೂರು ನಿಮಿಷ ಸಾಕು. ತಯಾರಕರು ಹೇಳಿದ ಆರ್‌ಪಿಎಂ ಮಿತಿಗೆ ಬೋಟು ಮುಟ್ಟಬೇಕು. ಅನೇಕ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್‌ಗಳಿಗೆ ಅದು 5000ದಿಂದ 6000. ಇನ್ನೂರು ಮುನ್ನೂರು ಕಡಿಮೆಯಾದರೆ ಪ್ರೊಪೆಲ್ಲರ್ ಬದಲಿಸಿ ಸರಿಮಾಡಬಹುದು: ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗುವ ಲೆಕ್ಕದ ದೂರ, ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ಸಾವಿರ ಕಡಿಮೆಯಾದರೆ ಪಾಚಿ ಹಿಡಿದ ತಳವೋ, ನೀರು ಕುಡಿದ ಫೋಮೋ, ಸೋತ ಸಿಲಿಂಡರೋ ಇರಬೇಕು.

ಅಲೆಯ ತುದಿಯಲ್ಲಿ ಎಂಜಿನ್ ಒಮ್ಮೆ 'ಗುಂಯ್' ಎಂದು ಏರಿ ಕೂಡಲೇ ಇಳಿದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡಿದೆ, ಚಿಂತೆಯಿಲ್ಲ. ಶಾಂತ ನೀರಿನಲ್ಲೂ ಥ್ರಾಟಲ್ ಕೊಟ್ಟಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಹಬ್‌ನ ರಬ್ಬರ್ ಜಾರುತ್ತಿದೆ. ವಾಪಸ್ ಬಂದ ಮೇಲೆ ಮಾರ್ಕರಿನ ಗೆರೆ ನೋಡಿ. ಮುರಿದು ಎರಡಾಗಿದ್ದರೆ ವಾದಕ್ಕೆ ಜಾಗವಿಲ್ಲ.

ಗಾಳಿಯ ದಿನದ ನಿಜವಾದ ಲಾಭ ಇಂಧನದ ವಿಷಯದಲ್ಲಿ. ಇಪ್ಪತ್ತು ನಿಮಿಷ ಕುಲುಕಿದ ಮೇಲೆ ತಳದ ಗಸಿ ಎದ್ದು ಫಿಲ್ಟರಿಗೆ ಬರುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಆಗ ಪ್ರೈಮರ್ ಬಲ್ಬ್, ಅಂದರೆ ಇಂಧನದ ಪೈಪಿನ ನಡುವೆ ಇರುವ ಒತ್ತುವ ರಬ್ಬರ್ ಉಂಡೆ, ಹಿಡಿದು ನೋಡಿ. ಒಳಗೆ ಎಳೆದುಕೊಂಡು ಚಪ್ಪಟೆಯಾಗಿದ್ದರೆ ತಡೆ ಟ್ಯಾಂಕಿನ ಕಡೆಗಿದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿದ ಕೂಡಲೇ ಸರಿಯಾದರೆ ಗಾಳಿ ಕೊಳವೆ ಕಟ್ಟಿದೆ, ಅಗ್ಗದ ರಿಪೇರಿ. ಬಲ್ಬ್ ಒತ್ತುತ್ತಿದ್ದರೆ ಮಾತ್ರ ಓಡುತ್ತದೆ ಅಂದರೆ ಪಂಪ್ ಸೋತಿದೆ ಅಥವಾ ಪೈಪು ಗಾಳಿ ಎಳೆಯುತ್ತಿದೆ. ಮುಕ್ಕಾಲು ಗಂಟೆಗಿಂತ ಕಡಿಮೆ ಓಡಿಸಿದರೆ ಇದ್ಯಾವುದೂ ಕಾಣಿಸಿಕೊಳ್ಳಲು ಹೊತ್ತೇ ಇರುವುದಿಲ್ಲ.

ದಡಕ್ಕೆ ಬಂದ ಮೇಲೆ ಎಂಜಿನ್ ಹದಿನೈದು ನಿಮಿಷ ನಿಲ್ಲಿಸಿ, ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿ. ತಣ್ಣಗಿದ್ದಾಗ ಹತ್ತಿಕೊಂಡು ಬಿಸಿಯಲ್ಲಿ ಹಠ ಹಿಡಿಯುವ ಎಂಜಿನ್‌ಗಳಿವೆ. ಬಿಲ್ಜ್‌ನ ನೀರನ್ನು ಸ್ಪಂಜಿನಿಂದ ಬಕೆಟ್ಟಿಗೆ ಹಿಂಡಿ ಅಳೆಯಿರಿ. ತೆರೆದ ಬೋಟಿನಲ್ಲಿ ತುಂತುರಿನಿಂದ ಒಂದೆರಡು ಲೀಟರ್ ಬರುವುದು ಸಹಜ. ಡೆಕ್ ಒಣಗಿದ್ದೂ ಬಿಲ್ಜ್ ತುಂಬಿದ್ದರೆ ನೀರು ಕೆಳಗಿನಿಂದ ಬಂದಿದೆ. ಕೆಲವು ಫಿಟ್ಟಿಂಗ್‌ಗಳು ತಳ ಬಾಗಿದಾಗ ಮಾತ್ರ ಸೋರುತ್ತವೆ. ಒರೆಸಿಟ್ಟ ಬಿರುಕಿನಿಂದ ಈಗ ಕಂದು ನೀರು ಜಿನುಗುತ್ತಿದ್ದರೆ ಒಳಗಿನ ಮರ ನೆನೆದಿದೆ.

ಕೊನೆಗೆ ನೀರು ಬೇರ್ಪಡಿಸುವ ಫಿಲ್ಟರಿನಲ್ಲಿದ್ದುದನ್ನು ಒಂದು ಗಾಜಿನ ಜಾರಿಗೆ ಬಿಟ್ಟು ಹತ್ತು ನಿಮಿಷ ಅಲುಗಿಸದೆ ಇಡಿ. ಪೆಟ್ರೋಲ್ ಮೇಲೆ ನಿಂತು, ನೀರಿದ್ದರೆ ತಳದಲ್ಲಿ ಮಣಿಮಣಿಯಾಗಿ ಕೂರುತ್ತದೆ, ಗಸಿ ಅದರ ಕೆಳಗೆ. ಕಂಡರೆ ಟ್ಯಾಂಕ್ ಬಿಚ್ಚಿ ತೊಳೆಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟ್ಯಾಂಕ್ ಡೆಕ್ಕಿನ ಕೆಳಗೆ ಹುದುಗಿದ್ದರೆ ಡೆಕ್ ಕೊಯ್ದು ಮತ್ತೆ ಮುಚ್ಚುವ ಕೂಲಿಯನ್ನೂ.